ದೇವರ ಕಪಾಟಿನಲ್ಲಿ ಅಂಬರ್

ನಮ್ಮದು ಮಡಿ ಮನೆ ಎಂಬ ಹೆಮ್ಮೆ ನನಗಿತ್ತು. ಬಹರೈನ್‌ಗೆ ಬಂದ ಮೇಲೆ ಅದು ಇನ್ನೂ ಹೆಚ್ಚಿತು. ಉಮ್ ಅಲ್ ಹಸ್ಸಮ್‌ನ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಒಂದು ಮಹಡಿಯಲ್ಲಿ ಮೀನು ಹುರಿಯುವ ವಾಸನೆ, ಇನ್ನೊಂದರಲ್ಲಿ ಬಿರಿಯಾನಿ. ನಮ್ಮ ಬಾಗಿಲು ತೆರೆದರೆ ಮಾತ್ರ ಅಂಥ ಯಾವ ವಾಸನೆಯೂ ಇಲ್ಲ. ಈರುಳ್ಳಿ ಕೂಡ ಒಳಗೆ ಬರುತ್ತಿರಲಿಲ್ಲ. ಅದಕ್ಕೇ ಒಬ್ಬರು ನಮ್ಮ ಮನೆಯ ಮೇಲೆ ಕಣ್ಣಿಟ್ಟಿದ್ದರು ಎಂದು ಗೊತ್ತಾಗಲು ನನಗೆ ವರ್ಷಗಳೇ ಬೇಕಾದವು.

ಅವರು ನನ್ನ ಗಂಡನ ಬಾಲ್ಯದ ಗೆಳೆಯರು, ನಮ್ಮ ಉಡುಪಿ ಕಡೆಯವರೇ. ಮನಾಮದ ಹಳೆಯ ಪೇಟೆ ಸೂಕ್‌ನಲ್ಲಿ ಸಣ್ಣ ಅತ್ತರಿನ ಅಂಗಡಿ ಇಟ್ಟಿದ್ದರು. ಕೆಮಿಕಲ್ ಮುಟ್ಟುವುದಿಲ್ಲ, ಎಲ್ಲ ನೈಸರ್ಗಿಕ ವಸ್ತುಗಳಿಂದಲೇ ತಯಾರಿಸುತ್ತೇನೆ ಎಂಬುದು ಅವರ ಜಂಬ. ಊರಿಗೆ ಫೋನು ಮಾಡಲು ಕಾರ್ಡು ಕೆರೆದು ನಂಬರು ಒತ್ತುತ್ತಿದ್ದ ಕಾಲ ಅದು. ಒಂದು ಶುಕ್ರವಾರ ದಪ್ಪ ಗಾಜಿನ ಭರಣಿ ಹಿಡಿದು ಬಂದರು. ಒಳಗೆ ಬಿಳಿ ಹತ್ತಿ ಬಟ್ಟೆ, ಅದರೊಳಗೆ ತೆಂಗಿನಕಾಯಿ ಹೋಳಿನಷ್ಟು ದೊಡ್ಡ ಕಪ್ಪು ಮುದ್ದೆ.

"ಅತ್ತಿಗೆ, ಇದನ್ನು ನಿಮ್ಮಲ್ಲಿ ಇಟ್ಕೊಳ್ಬೇಕು. ನನ್ನ ಅಂಗಡಿಯಲ್ಲಿಟ್ರೆ ಊದ್, ಗುಲಾಬಿ, ಎಲ್ಲದರ ವಾಸನೆ ಇದಕ್ಕೆ ಹಿಡೀತದೆ. ನಿಮ್ಮಷ್ಟು ಶುದ್ಧದ ಮನೆ ಈ ಊರಲ್ಲೇ ಇಲ್ಲ."

"ಎಂತ ಇದು?" ಎಂದೆ.

ಗೆಳೆಯರು ನನ್ನ ಗಂಡನ ಮುಖ ನೋಡಿದರು. ಉತ್ತರ ಕೊಟ್ಟವರು ಗಂಡ. "ಮರದ ಅಂಟು ಮಾರಾಯ್ತಿ. ನಮ್ಮ ಹಾಲುಮಡ್ಡಿ ಇಲ್ವಾ, ಹಾಗೆ. ಧೂಪಕ್ಕೆ ಹಾಕ್ತಾರೆ."

ಮೂಸಿ ನೋಡಿದೆ. ಅಯ್ಯೋ, ಕೊಟ್ಟಿಗೆಯ ವಾಸನೆ! ನಮ್ಮಂಥವರಿಗೆ ಕೊಟ್ಟಿಗೆಯ ವಾಸನೆ ಬಂದರೆ ಅನುಮಾನ ಎಲ್ಲಿ ಹುಟ್ಟುತ್ತದೆ? ಭಕ್ತಿಯೇ ಹುಟ್ಟುತ್ತದೆ. ಸಗಣಿ ಸಾರಿಸಿದ ನೆಲ, ಕರುವಿನ ಮೈ, ತವರಿನ ಬೆಳಗು ಎಲ್ಲ ಒಟ್ಟಿಗೆ ನೆನಪಾದವು. "ದೇವರ ಕಪಾಟಿನಲ್ಲೇ, ಕೆಳಗಿನ ಅಂತಸ್ತಿನಲ್ಲಿ ಇಡ್ತೇನೆ" ಎಂದೆ. ಇಬ್ಬರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ.

ಇಡುವುದೇನು ಸುಲಭವೇ? ಪ್ಲಾಸ್ಟಿಕ್ ತಾಗಬಾರದು. ಫ್ರಿಜ್ಜು ಬೇಡ, ಬಿಸಿಲು ಬೇಡ, ಏಸಿಯ ಗಾಳಿ ನೇರ ಬೀಳಬಾರದು. ಹಸಿಯಿರುವಾಗ ಮುಚ್ಚಳ ಬಿಗಿದರೆ ಬೂಸ್ಟು ಹಿಡಿಯುತ್ತದೆ, ತೆರೆದೇ ಬಿಟ್ಟರೆ ಪರಿಮಳ ಹಾರಿಹೋಗುತ್ತದೆ. ಆಗಾಗ ಬಟ್ಟೆ ಬಿಡಿಸಿ, ನೆರಳಲ್ಲಿ ಗಾಳಿಯಾಡಿಸಿ, ಮಗ್ಗುಲು ಬದಲಿಸಿ ಮತ್ತೆ ಸುತ್ತಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹತ್ತಿರ ಬೇರೆ ಪರಿಮಳ ಸುಳಿಯಬಾರದು. ಹಾಗಾಗಿ ನಾನು ಊದುಬತ್ತಿ ಬಿಟ್ಟೆ. ಕರ್ಪೂರ ಬಿಟ್ಟೆ. ಬರೀ ಎಣ್ಣೆದೀಪ. ಊರಿನಿಂದ ಅತ್ತೆ, "ಕರ್ಪೂರ ಇಲ್ಲದೆ ಎಂಥ ಮಂಗಳಾರತಿ ಅದು?" ಎಂದು ಬೈದಾಗಲೂ ಗಂಡನ ಗೆಳೆಯರ ವಸ್ತುವಲ್ಲವೇ ಎಂದು ಬೈಸಿಕೊಂಡೆ. ವರ್ಷ ಕಳೆದಂತೆ ಕಪ್ಪು ಮುದ್ದೆ ಬೂದಿಬಣ್ಣಕ್ಕೆ ತಿರುಗಿತು. ಕೊಟ್ಟಿಗೆಯ ವಾಸನೆ ಇಳಿದು, ಕಡಲ ಗಾಳಿಯಲ್ಲಿ ಬೆಲ್ಲ ಕದಡಿದಂಥ ಒಂದು ಸಿಹಿ ಬಂತು. ಎಲ್ಲ ನನ್ನ ಕೈಗುಣ ಎಂದು ಬೀಗಿದೆ.

ಒಂದು ಅಷ್ಟಮಿಗೆ, ಬಟ್ಟೆಯಲ್ಲಿ ಉದುರಿದ್ದ ಪುಡಿ ನೋಡಿ ಆಸೆಯಾಯಿತು. ಧೂಪವೆಂದ ಮೇಲೆ ಕೃಷ್ಣನಿಗೆ ಒಂದು ಚಿಟಿಕೆ ಇಲ್ಲದಿದ್ದರೆ ಹೇಗೆ? ಗಂಡನನ್ನು ಕೇಳಿಯೇ ಹಾಕಿದೆ. "ಇಷ್ಟು ಪುಡಿ ಕೆಂಡಕ್ಕೆ ಹಾಕ್ಲಾ? ನಿಮ್ಮ ಗೆಳೆಯರು ಎಂತ ಹೇಳ್ಲಿಕ್ಕಿಲ್ಲ ಅಲ್ವಾ?"

"ಹಾಕು, ಹಾಕು" ಎಂದರು.

ಹೊಗೆ ಎದ್ದಿತು. ಅಂಥ ಪರಿಮಳ ನಾನು ಹುಟ್ಟಿದ ಮೇಲೆ ಮೂಸಿರಲಿಲ್ಲ. ಸಿತ್ರಾಕ್ಕೆ ಹೋಗುವ ಕಂಪನಿ ಬಸ್ಸು ತಪ್ಪೀತೆಂದು ದಿನಾ ಚಪ್ಪಲಿ ಮೆಟ್ಟುತ್ತಲೇ ನಮಸ್ಕಾರ ಮುಗಿಸುವ ಮನುಷ್ಯ ಅಂದು ನನ್ನ ಪಕ್ಕ ಕೈಮುಗಿದು, ಕಣ್ಣು ಮುಚ್ಚಿ, ಹೊಗೆ ಆರುವವರೆಗೂ ನಿಂತರು. ನನಗೆ ಕಣ್ಣೀರೇ ಬಂತು. ಆ ಒಂದು ಅಷ್ಟಮಿಯನ್ನು ನಾನು ಎಷ್ಟು ಸಲ ನೆನೆದು ಖುಷಿಪಟ್ಟಿದ್ದೇನೋ.

ಆ ಚಳಿಗಾಲದಲ್ಲಿ ಗೆಳೆಯರು ಅದನ್ನು ಕೊಳ್ಳುವವರನ್ನು ಕರೆತಂದರು, ಒಬ್ಬ ಬಹರೈನಿ ಹಿರಿಯರು. ಅವರು ಕಾಯಿಸಿದ ಸೂಜಿ ಚುಚ್ಚಿದರು, ಹೊಗೆ ಮೂಸಿದರು, ಮಾಶಾಅಲ್ಲಾ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮನೆ ಶುದ್ಧವಾಗಿದ್ದಕ್ಕೇ ಇದು ಚೆನ್ನಾಗಿ ಉಳಿದಿದೆ ಎಂದು ಗಲ್ಫಿನ ಹಿಂದಿಯಲ್ಲಿ ಮನಸಾರೆ ಹೊಗಳಿದರು. "ಬಹುತ್ ಅಚ್ಛಾ ರಖಾ, ಮೇಡಂ. ಯೇ ಅಂಬರ್ ಬಡಾ ಮಚ್ಲಿ ಕಾ ಪೇಟ್ ಸೇ ಆತಾ ಹೈ. ಆಪ್ ಕಾ ಘರ್ ಸಾಫ್, ಇಸ್ ಲಿಯೇ ಅಚ್ಛಾ ರಹಾ."

ದೊಡ್ಡ ಮೀನಿನ ಹೊಟ್ಟೆಯಿಂದ! "ಬಡಾ ಮಚ್ಲಿ?" ಎಂದೆ. ಅವರು ನಗುತ್ತ ಎರಡೂ ಕೈ ಅಗಲಿಸಿದರು. ತಿಮಿಂಗಿಲ. ಅದರ ಕರುಳಿನಲ್ಲಿ ಗಟ್ಟಿಯಾಗಿ ಹೊರಬಿದ್ದದ್ದು. ಗೆಳೆಯರು ಕಾಲ ಕೆಳಗಿನ ಕಾರ್ಪೆಟ್ ನೋಡುತ್ತಿದ್ದರು. ಗಂಡ, ಚಹಾ ಮಾಡ್ತೇನೆ ಎಂದು ಎದ್ದರು. ಮದುವೆಯಾದ ಮೇಲೆ ಒಂದು ದಿನವೂ ಒಲೆ ಹಚ್ಚದ ಮನುಷ್ಯ!

ಭರಣಿ ಹೊತ್ತು ಅವರಿಬ್ಬರೂ ಹೋದ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. "ನಾಚಿಕೆ ಆಗೋದಿಲ್ವಾ ನಿಮ್ಗೆ? ದೇವರ ಬುಡದಲ್ಲಿ ಇಡುದನ್ನು ನೋಡ್ತಾ ಇದ್ರಲ್ಲ!"

"ಹೇಳಿದ್ರೆ ನೀನು ಇಡ್ಲಿಕ್ಕೆ ಬಿಡ್ತಿದ್ಯಾ?"

"ಬಿಡ್ತಿದ್ನೋ ಇಲ್ವೋ, ಅದು ನಾನು ಹೇಳ್ಬೇಕಾದ ಮಾತು."

"ಅಷ್ಟೆಲ್ಲ ಎಂತದು ಮಾರಾಯ್ತಿ? ಕಸ್ತೂರಿ ದೇವರಿಗೆ ಆಗ್ತದೆ. ಅದು ಪ್ರಾಣಿಯದ್ದೇ ಅಲ್ವಾ?"

ಈ ಮಾತನ್ನು ಮೊದಲ ದಿನವೇ ಆಡಿದ್ದರೆ ನಾನು ಒಪ್ಪುತ್ತಿದ್ದೆನೋ ಏನೋ. ಕಸ್ತೂರಿ, ಗೋರೋಚನ ಎಲ್ಲ ನನಗೂ ಗೊತ್ತು. ಇಷ್ಟು ವರ್ಷ ಇಬ್ಬರು ಗಂಡಸರು ನನ್ನ ಮಡಿಯನ್ನು ಗೋದಾಮು ಮಾಡಿಕೊಂಡು, ನನ್ನ ಕೈಯಲ್ಲೇ ಕಾವಲು ಕಾಯಿಸಿ, ಒಳಗೊಳಗೇ ನಗುತ್ತಿದ್ದರು. ಅದನ್ನು ಹೇಗೆ ನುಂಗಲಿ?

"ಅಷ್ಟಮಿ ದಿನ ಕೇಳಿದ್ದೆನಲ್ಲ ನಿಮ್ಮನ್ನು?"

"ನೀನು ಅಷ್ಟು ಖುಷಿಯಲ್ಲಿದ್ದೆ. ಹೇಗೆ ಹೇಳುದು?"

"ಮತ್ತೆ ಕಣ್ಣು ಮುಚ್ಚಿ ನಿಂತಿದ್ರಲ್ಲ, ಅದು ಎಂತಕ್ಕೆ?"

ಚಹಾದ ಲೋಟಗಳನ್ನು ಒಂದೊಂದಾಗಿ ಎತ್ತಿ ತಟ್ಟೆಯಲ್ಲಿಟ್ಟರು. ಆಮೇಲೆ, "ನಿನ್ನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ" ಎಂದರು.

ಕಪಾಟು ಒಂದೇ ಬೆಳಗಿನಲ್ಲಿ ಶುದ್ಧವಾಯಿತು. ಅರಿಸಿನದ ನೀರಿನಲ್ಲಿ ಒರೆಸಿ, ಮನೆ ತುಂಬ ಕರ್ಪೂರ ಹಚ್ಚಿದೆ. ಕೃಷ್ಣನಿಗೆ ನನ್ನ ಮೇಲೆ ಸಿಟ್ಟಿರಲಾರದು, ನಾನು ಅವನಿಗೆ ಸುಳ್ಳು ಹೇಳಿದವಳಲ್ಲ. ಈಗಲೂ ಹಬ್ಬದ ದಿನ ಇವರು ಪಕ್ಕಕ್ಕೆ ಬಂದು ಕೈಮುಗಿದು ನಿಲ್ಲುತ್ತಾರೆ. ಆರತಿ ಎತ್ತುವಾಗ ನಾನು ದೇವರನ್ನು ನೋಡುವುದಿಲ್ಲ. ಇವರ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡುತ್ತೇನೆ.