ಮರಿತಾಯಮ್ಮನ ಕೈಗೆ ಬಗ್ಗದ ಹಾಲುಹಲ್ಲು

ಯಲಿಯೂರಿನ ನಮ್ಮ ಬೀದಿಯಲ್ಲಿ ಯಾವ ಮಗುವಿನ ಹಾಲುಹಲ್ಲು ಅಲ್ಲಾಡಿದರೂ ಮರಿತಾಯಮ್ಮನ ಜಗುಲಿಗೇ ಬರಬೇಕು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಕೆ ಹೇಳುವುದು ಒಂದೇ ಕತೆ: ಈಗ ಕಬ್ಬಿನ ಲಾರಿ ಓಡಿಸುವ, ದಪ್ಪ ಮೀಸೆಯ ಸಂತೋಷ್ ಚಿಕ್ಕವನಿದ್ದಾಗ ಹಲ್ಲು ಕೀಳಿಸಿಕೊಳ್ಳಲು ಹೆದರಿ ಹುಲ್ಲಿನ ಮೆದೆ ಹತ್ತಿ ಕೂತಿದ್ದು. ಮಗು ನಗುವಷ್ಟರಲ್ಲಿ ಹಲ್ಲು ಆಕೆಯ ಅಂಗೈಯಲ್ಲಿರುತ್ತದೆ. ಆಮೇಲೆ ಅದನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯಬೇಕು. ಬೀದಿಯಲ್ಲಿ ಹೆಂಚಿನ ಮನೆ ಉಳಿದಿರುವುದು ಕೆಂಪಯ್ಯನದೊಂದೇ. ಪಾಪ, ಎಲ್ಲರ ಹಲ್ಲೂ ಅವನ ತಲೆಯ ಮೇಲೆ.

"ಈ ಕೈಗೆ ಬರದಿರೋ ಆಲಲ್ಲು ಇನ್ನೂ ಉಟ್ಟಿಲ್ಲ ಕಣಮ್ಮ" ಎನ್ನುವುದು ಆಕೆಯ ಜಂಬ.

ಒಂದು ಸಂಜೆ ಆಕೆಯ ಹಿತ್ತಲಿನ ಗೋಣಿಮರದಿಂದ ಬಾವಲಿ ಮರಿಯೊಂದು ಬಿತ್ತು.

"ಕೈಲಿ ಮುಟ್ಬ್ಯಾಡ ಅಜ್ಜಿ!" ಎಂದು ನಾನು ಕೂಗಿದೆ. ಕಾಲೇಜಿನಲ್ಲಿ ಬಾವಲಿಯ ಹಾಲುಹಲ್ಲಿನ ಮೇಲೇ ನನ್ನ ಸೆಮಿನಾರ್ ಇತ್ತು. ನನಗೂ ಸ್ವಲ್ಪ ಜಂಬ.

ಆಕೆ ಸೆರಗಿನಲ್ಲಿ ಎತ್ತಿಕೊಂಡಳು. ಮರಿ ಸೆರಗನ್ನು ಕಚ್ಚಿತು. ಬಿಡಲಿಲ್ಲ. ಜನ ಸೇರಿದರು.

"ಆಲಲ್ಲು ತಾನೆ? ಕೀಳವ್ವ ಮತ್ತೆ!" ಎಂದ ಸಂತೋಷ್, ಮೀಸೆ ತಿರುವುತ್ತ.

ಆಕೆ ಮರಿಗೆ ಮೆದೆಯ ಕತೆ ಹೇಳಿದಳು. ಬೀದಿಯೆಲ್ಲ ನಕ್ಕಿತು, ಬಾವಲಿಯೊಂದು ಬಿಟ್ಟು.

"ಅದು ಕೊಕ್ಕೆ ಹಲ್ಲು ಅಜ್ಜಿ, ಅವ್ವನ್ನ ಇಡ್ಕಳಕ್ಕೆ. ಕಲ್ಲಲ್ಲಿ ಅಚ್ಚಾಗಿ ಸಿಕ್ಕಿರೋ ಅಳೇ ಕಾಲದ ಬಾವ್ಲಿಗೆ ಇಷ್ಟು ಬಾಗಿರ್ಲಿಲ್ಲ. ಕೋಟ್ಯಂತ್ರ ವರ್ಸ ಇಡೀತು, ಇಂಗಾಗಕ್ಕೆ" ಎಂದೆ.

"ಅವಾಗ ಮರಿ ನೋಡ್ಕಳಕ್ಕೆ ಮನೇಲಿ ಅತ್ತೆ ಇದ್ಲೇನೋ" ಎಂದಳು ಮರಿತಾಯಮ್ಮ.

ಸೆಮಿನಾರಿಗೆ ಈ ಮಾತು ಸೇರಿಸಲು ನನಗೆ ಧೈರ್ಯ ಬರಲಿಲ್ಲ.

ಕತ್ತಲಾಗುತ್ತಿತ್ತು. ಮೇಲೆ ತಾಯಿ ಬಾವಲಿ ಸುತ್ತುತ್ತಿತ್ತು. ಒಂದು ಸಲ ಜಗ್ಗಿದ್ದರೆ ಮರಿತಾಯಮ್ಮನ ಹೆಸರು ಉಳಿಯುತ್ತಿತ್ತು. ಆಕೆ ಬಟ್ಟೆ ಒಗೆಯುವ ಕಲ್ಲು ಹತ್ತಿ, ಮರಿ ಕಚ್ಚಿದ್ದ ಸೆರಗನ್ನು ತಗ್ಗಿನ ಕೊಂಬೆಯ ಮೇಲಿಂದ ಇಳಿಬಿಟ್ಟು ನಿಂತಳು. ಸೀರೆಯ ಉಳಿದ ಭಾಗ ಮೈಮೇಲೇ ಇದ್ದುದರಿಂದ ನಿಲ್ಲದೆ ವಿಧಿಯೂ ಇರಲಿಲ್ಲ. ಸೊಳ್ಳೆಗಳು ಮುತ್ತಿದವು, ಆಕೆ ಕದಲಲಿಲ್ಲ.

ತಾಯಿ ಬಂದು ಕೊಂಬೆಗೆ ನೇತುಬಿತ್ತು. ಮರಿ ತಾನೇ ಸೆರಗು ಬಿಟ್ಟು ಅದರ ಎದೆ ಕಚ್ಚಿತು. ಎರಡೂ ಹಾರಿಹೋದವು.

"ಸೋತೆ ಬುಡವ್ವ! ಒಂದ್ ಬಾವ್ಲಿ ಅಲ್ಲು ಕೀಳಕ್ಕಾಗ್ಲಿಲ್ಲ" ಎಂದ ಸಂತೋಷ್.

ಆಕೆ ಸೆರಗಿನ ಸಣ್ಣ ತೂತುಗಳನ್ನು ದೀಪಕ್ಕೆ ಹಿಡಿದು ನೋಡಿದಳು.

"ಅಳ್ಳಾಡ್ದೆ ಇರೋ ಆಲಲ್ಲಿಗೆ ನಾನ್ ಯಾವತ್ಲಾ ಕೈ ಆಕಿವ್ನಿ? ನಿಂದೂ ಅಷ್ಟೆಯ. ಮೆದೆಯಿಂದ ನೀನಾಗೇ ಇಳ್ದು ಬರೋಗಂಟ ಕಾಯ್ಲಿಲ್ವೇನ್ಲಾ?"