ಮರೆವಿನ ಪರೀಕ್ಷೆಯ ಮೊದಲ ಪುಟ

ಕಾಲೇಜು ಅಧ್ಯಾಪಕನ ಕೆಲಸದಿಂದ ನಿವೃತ್ತನಾದ ಮೇಲೆ, ಪುಣೆಯ ಆಸ್ಪತ್ರೆಯೊಂದರಲ್ಲಿ ಹಿರಿಯರ ಮಾನಸಿಕ ಆರೋಗ್ಯ ವಿಭಾಗಕ್ಕೆ ಬುಧವಾರಗಳಂದು ಹೋಗುತ್ತೇನೆ. ಹೊಸಬರ ಫಾರ್ಮಿನ ಮೊದಲ ಪುಟ ತುಂಬುವುದು ನನ್ನ ಕೆಲಸ: ವಯಸ್ಸು, ಮನೆಮಾತು, ಓದು. ‘ಯಾರು ಹೇಳಿದ್ದು, ಹೇಗೆ ಗೊತ್ತು?’ ಎಂದು ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಕಾಡಿದವನು ನಾನು.

ಒಂದು ಬುಧವಾರ ಎಪ್ಪತ್ತು ದಾಟಿದ ತಾಯಿಯನ್ನು ಮಗ ಕರೆತಂದಿದ್ದರು. ಆಕೆ ಸ್ವಾರಗೇಟ್ ನಿಲ್ದಾಣದಲ್ಲಿ ಒಬ್ಬರೇ ಬಸ್ಸು ಹತ್ತಿ ಬೆಳಗಾವಿಯ ತಂಗಿಯ ಮನೆಗೆ ಹೋಗುತ್ತಿದ್ದರು. ಈಚೆಗೆ ಎರಡು ಸಲ ಗ್ಯಾಸ್ ಆರಿಸಲು ಮರೆತಿದ್ದರಿಂದ ಮಗನಿಗೆ ದಿಗಿಲು. ಮರೆವಿನ ರೋಗ ಎಂದಾದರೆ ಬೆಳಗಾವಿಗೆ ಹೋಗುವುದು ಬಂದ್ ಎಂದು ನನ್ನೆದುರೇ ಹೇಳಿದರು. ಮನೆಮಾತು ಮರಾಠಿ, ಓದು ಮ್ಯಾಟ್ರಿಕ್ ಎಂದು ಬರೆದೆ. ತಾಯಿಯನ್ನೇ ಕೇಳಿ ಬರೆದೆನೆಂದು ನನ್ನ ನೆನಪು.

ಡಾಕ್ಟರು ಮರಾಠಿಯಲ್ಲಿ, ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿದರು. ಆಕೆ ತಡವರಿಸಿದರು. ಕೊಟ್ಟ ಮರಾಠಿ ವಾಕ್ಯವನ್ನೂ ಓದಲಾಗಲಿಲ್ಲ. ಮ್ಯಾಟ್ರಿಕ್ ಆದವರಿಗೆ ಈ ಅಂಕ ಬಹಳ ಕಡಿಮೆ ಎಂದರು ಡಾಕ್ಟರು. ಮಗನ ಮುಖ ಬಾಡಿತು.

ಹೊರಗೆ ಬೆಂಚಿನ ಮೇಲೆ ಕೂತ ಆಕೆ ಬೆರಳು ಮಡಚುತ್ತ ಕನ್ನಡದಲ್ಲಿ ಗೊಣಗುತ್ತಿದ್ದರು: “ತೊಂಬತ್ಮೂರು... ಎಂಬತ್ತಾರು... ಎಪ್ಪತ್ತೊಂಬತ್ತು...”

“ಅವ್ವಾರ, ನಿಮ್ಮದು ಕನ್ನಡ ಏನ್ರಿ?” ಎಂದೆ.

“ಸವದತ್ತಿ ಕಡೆಯವ್ರು ರೀ ನಾವು.”

“ಮತ್ತ ಆಗ ಹೇಳಲಿಲ್ಲಲ್ರಿ?”

“ನೀವ್ ನನ್ನ ಎಲ್ಲಿ ಕೇಳಿದ್ರಿ? ಅವನ್ನ ಕೇಳಿದ್ರಿ, ಅವ ಹೇಳಿದ.”

ಪಕ್ಕದಲ್ಲಿದ್ದ ಮಗ ತಲೆ ತುರಿಸಿಕೊಂಡರು. “ಹೊರಗ ಯಾರರ ಕೇಳಿದ್ರ ಮರಾಠೀನ ಬಾಯಿಗೆ ಬರ್ತದ್ರಿ.”

“ಮ್ಯಾಟ್ರಿಕ್ ಆಗಿದ್ದು?”

“ಮೂರನೇ ಇಯತ್ತೆ ಕಲ್ತಾಕಿ ನಾ,” ಎಂದರು ಆಕೆ. “ಇವನ ಲಗ್ನದ ಮಾತಿನಾಗ ಬೀಗರ ಮುಂದ ಮ್ಯಾಟ್ರಿಕ್ ಅಂತ ಹೇಳಿದ್ರು ಇವರಪ್ಪ. ಆವತ್ತ ಪಾಸಾದೆ ನೋಡ್ರಿ.”

ಫಾರ್ಮ್ ತೆಗೆದು ನೋಡಿದೆ. ‘ಮಾಹಿತಿ ಕೊಟ್ಟವರು’ ಎಂಬಲ್ಲಿ ನನ್ನದೇ ಅಕ್ಷರದಲ್ಲಿ ‘ಮಗ’ ಎಂದಷ್ಟೇ ಇತ್ತು. ಆಕೆಯ ಮುಖ ನೋಡಿ ಕೇಳಿದ್ದು ಇಂದಿಗೂ ನನಗೆ ಕಣ್ಣಿಗೆ ಕಟ್ಟಿದಂತಿದೆ. ಅದು ಬಹುಶಃ ಬೇರೆ ಯಾರದೋ ಮುಖ.

ಪುಟ ತಿದ್ದಿ, ಏನಾಯಿತೆಂದು ಡಾಕ್ಟರಿಗೆ ಹೇಳಿದೆ. ಮುಂದಿನ ಬುಧವಾರ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞೆಯೊಬ್ಬರು ಕಡಿಮೆ ಓದಿದವರಿಗೆ ಹೊಂದುವ ಬೇರೆ ಪ್ರಶ್ನೆಗಳಿಂದ ಪರೀಕ್ಷೆ ಮಾಡಿದರು. ಸದ್ಯಕ್ಕೆ ರೋಗವೆನ್ನುವಂಥದ್ದೇನೂ ಕಾಣುವುದಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ಬನ್ನಿ ಎಂದರು ಡಾಕ್ಟರು.

ಮಗ ತಾಯಿಯ ಕಡೆ ತಿರುಗಿದರು. “ಬೆಳಗಾವಿಗೆ ಹೋಗವ್ವ. ಆದ್ರ ಬಸ್ಸಿನಾಗ ಕೂತ ಕೂಡ್ಲೆ ಫೋನ್ ಮಾಡು,” ಎಂದರು.

“ನೀ ಎತ್ತಬೇಕಲ್ಲೋ,” ಎನ್ನುತ್ತ ಆಕೆ ಚಪ್ಪಲಿ ಮೆಟ್ಟಿಕೊಂಡರು.