ಸೊಸೆ ಸಮ ಮಗಳು

ಗೆಳೆಯರೇ, ತವರಿನಲ್ಲಿ ಆರಾಮಾಗಿ ಕೂತಿದ್ದ ನನ್ನನ್ನು ಇವತ್ತು ಬೀಜಗಣಿತ ಎಬ್ಬಿಸಿತು.

ಸಿರುಗುಪ್ಪದಿಂದ ಬಳ್ಳಾರಿಗೆ ಬಂದವಳು ಕವನ ಸಂಕಲನ ತೆರೆದು ಕೂತಿದ್ದೆ. ಅತ್ತಿಗೆ ಒಗ್ಗರಣೆ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಗಣಿತ ಓದುತ್ತಿದ್ದ ಅವರ ಮಗಳು ತಲೆ ಎತ್ತಿದಳು.

"ಅಜ್ಜೀ, ನಿನಗ ಸೊಸಿ ಅಂದ್ರ ಮಗಳಿಗೆ ಸಮ ಅಲ್ಲೇನು?"

"ಹೌದವ್ವ, ಅದರಾಗೇನು ಸಂಶಯ?" ಎಂದರು ಅಮ್ಮ.

"ಎ ಸಮ ಬಿ ಆದ್ರ, ಬಿ ಸಮ ಎ. ಅಂದ್ರ ಮಗಳೂ ಸೊಸಿಗೆ ಸಮ. ಅತ್ತೀ, ಏಳ್ರಿ, ಒಗ್ಗರಣಿ ನೀವ ಹಾಕ್ರಿ!"

ಅತ್ತಿಗೆ ನಗುತ್ತಾ ಸೌಟು ಕೊಟ್ಟು, ನನ್ನ ಕುರ್ಚಿಯಲ್ಲಿ ಕೂತರು. ಒಗ್ಗರಣೆ ಹಾಕಿದೆ. ಅಮ್ಮ ಒಂದು ತುತ್ತು ತಿಂದು, "ಉಪ್ಪು ಕಮ್ಮಿ ಆತು ನೋಡು" ಎಂದರು.

ಅತ್ತಿಗೆಗೆ ದಿನಾ ಹೇಳುವ ಮಾತು ಅದು. ಅಮ್ಮ ಸುಳ್ಳು ಹೇಳುವವರಲ್ಲ. ನಾವಿಬ್ಬರೂ ನಿಜಕ್ಕೂ ಸಮ.